ಐಕಿಯಾ ಆಂಟಿಲೋಪ್ ಹೈ ಚೇರ್: ಮಗು ತಾನೇ ತಿನ್ನಲು ಎಷ್ಟು ಅನುಕೂಲ?

ತುಂಡು ಆಹಾರವನ್ನು ಮಗುವಿನ ಕೈಗೇ ಬಿಡುವ ಬೇಬಿ-ಲೆಡ್ ವೀನಿಂಗ್ ಎಂದೊಡನೆ ವೈದ್ಯರು ಕೇಳುವುದು: ಗಂಟಲಲ್ಲಿ ಸಿಕ್ಕಿಕೊಂಡರೆ? ಕಬ್ಬಿಣಾಂಶ ಸಾಲುತ್ತದೆಯೇ? 2012ರಲ್ಲಿ ಪ್ರಕಟವಾದ ನ್ಯೂಜಿಲೆಂಡ್ ಅಧ್ಯಯನದಲ್ಲೂ ಆರೋಗ್ಯ ಸಿಬ್ಬಂದಿಯ ಆತಂಕ ಇವೇ. ಮುಂದೆ ಅಲ್ಲಿನ ಒಟಾಗೊ ವಿಶ್ವವಿದ್ಯಾಲಯ 206 ಕುಟುಂಬಗಳೊಂದಿಗೆ ನಡೆಸಿದ ಬ್ಲಿಸ್ ಪ್ರಯೋಗದಲ್ಲಿ, ಈ ವಿಧಾನದ ಮಕ್ಕಳಿಗೆ ಉಸಿರುಗಟ್ಟಿದ್ದು ಉಳಿದವರಿಗಿಂತ ಹೆಚ್ಚೇನಲ್ಲ. ಆದರೆ ಆ ಪೋಷಕರಿಗೆ ಆಹಾರದ ಆಕಾರವನ್ನೂ ಕೂರಿಸುವ ರೀತಿಯನ್ನೂ ಮೊದಲೇ ಹೇಳಿಕೊಟ್ಟಿದ್ದರು. ಕುರ್ಚಿಯನ್ನು ಅಳೆಯಬೇಕಾದ್ದೂ ಆ ಲೆಕ್ಕದಲ್ಲೇ.

ಆಂಟಿಲೋಪ್ ಹಿಂದಕ್ಕೆ ಒರಗುವುದಿಲ್ಲ. ಅದು ಕೊರತೆಯಲ್ಲ, ಗುಣ. ಒರಗಿದ ಮಗುವಿನ ಬಾಯಿಯಿಂದ ತುಂಡು ನೇರ ಗಂಟಲಿಗೆ ಜಾರಬಹುದು. ಬಟ್ಟೆಯ ಹೊದಿಕೆ ಇಲ್ಲದ್ದರಿಂದ ಮೊಸರನ್ನ ಮೆತ್ತಿದರೂ ಒಂದು ಒದ್ದೆ ಬಟ್ಟೆ ಸಾಕು. ಕಾಲುಗಳನ್ನು ಕಳಚಿ ಊರಿಗೆ ಒಯ್ಯಬಹುದು.

ದೊಡ್ಡ ಲೋಪ ಕಾಲಿನದು: ಫುಟ್‌ರೆಸ್ಟ್ ಇಲ್ಲ. ಪಾದ ಜೋತಾಡುತ್ತಿದ್ದರೆ ಮಗು ಮೈ ನಿಲ್ಲಿಸಿಕೊಳ್ಳಲು ಹೆಣಗಿ, ಜಾರಿ, ಬೇಗ ಊಟ ಬಿಡುತ್ತದೆ. ಸೊಂಟ, ಮಂಡಿ, ಪಾದದ ಕೀಲು ಮೂರೂ ಸುಮಾರು 90 ಡಿಗ್ರಿ ಇರಲಿ ಎನ್ನುತ್ತಾರೆ ಫೀಡಿಂಗ್ ಥೆರಪಿಸ್ಟ್‌ಗಳು. ಕುರ್ಚಿಯ ಕಾಲಿಗೆ ಸಿಕ್ಕಿಸುವ ಮರದ ಫುಟ್‌ರೆಸ್ಟ್ ಬೇರೆಯವರು ಮಾರುತ್ತಾರೆ. ಎತ್ತರ ಬದಲಿಸಬಹುದಾದ್ದನ್ನೇ ಕೊಳ್ಳಿ, ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮಂಡಿ ಮೇಲೇರುತ್ತದೆ. ಆರು ತಿಂಗಳ ಮಗುವಿಗೆ ಆಸನವೂ ಆಳ. ಬದಿಗೆ ವಾಲಿದರೆ ಸುತ್ತಿದ ಟವೆಲ್ ಇಡಿ. ತಲೆಯೇ ನಿಲ್ಲದಿದ್ದರೆ ಇನ್ನೂ ಸಮಯವಾಗಿಲ್ಲ ಎಂದೇ ಅರ್ಥ.

ಟ್ರೇ ಮೇಲೆ ಏನಿಡುತ್ತೀರಿ ಎಂಬುದು ಕುರ್ಚಿಗಿಂತ ಮುಖ್ಯ. ತುಂಡು ಮಗುವಿನ ಮುಷ್ಟಿಯಷ್ಟಾದರೂ ಉದ್ದವಿರಲಿ. ನಿಮ್ಮ ನಾಲಿಗೆಯಿಂದ ಅಂಗುಳಕ್ಕೆ ಒತ್ತಿದರೆ ಹಿಸುಕಿ ಹೋಗಬೇಕು. ಬೇಯಿಸಿದ ಸಿಹಿಕುಂಬಳ, ಪೂರ್ತಿ ಬೆಂದ ಆಮ್ಲೆಟ್ ಪಟ್ಟಿ, ತುಪ್ಪ ಸವರಿದ ಮೆತ್ತನೆ ರಾಗಿ ದೋಸೆ ಸರಿ. ಹಸಿ ಕ್ಯಾರೆಟ್, ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಬೇಡ. ಅಂಟುವ ಮುದ್ದೆಯೂ ಈಗ ಬೇಡ. ಪ್ರತಿ ಊಟದಲ್ಲೂ ಕಬ್ಬಿಣಾಂಶದ ಒಂದು ಪದಾರ್ಥ ಇರಬೇಕೆಂಬುದು ಬ್ಲಿಸ್ ನಿಯಮ. ನಮ್ಮ ಸರ್ಕಾರಿ ಕಾರ್ಯಕ್ರಮದ ವಾರಕ್ಕೆರಡು ಬಾರಿಯ 1 ಮಿ.ಲೀ. ಕಬ್ಬಿಣದ ಸಿರಪ್ ಅನ್ನೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಸದ್ದು ಮಾಡಿ ಓಕರಿಸಿದರೆ ಕಾಯಿರಿ, ಬಾಯಿಗೆ ಬೆರಳು ಹಾಕಬೇಡಿ. ಸದ್ದೇ ಇಲ್ಲದೆ ಮುಖ ನೀಲಿಯಾದರೆ ಅದು ಉಸಿರುಗಟ್ಟುವಿಕೆ, ಪ್ರಥಮ ಚಿಕಿತ್ಸೆ ಆ ಕ್ಷಣವೇ ಬೇಕು. ಅದನ್ನು ಕಲಿತೇ ಶುರುಮಾಡಿ.

ಕೊಳ್ಳುವಾಗ ಟ್ರೇ ಸೇರಿದೆಯೇ ನೋಡಿ. ತೂಕದ ಮಿತಿ 15 ಕೆ.ಜಿ. ಕಾಲುಗಳು ಅಗಲಕ್ಕೆ ಚಾಚಿರುವುದರಿಂದ ಇಕ್ಕಟ್ಟಾದ ಅಡುಗೆಮನೆಯಲ್ಲಿ ದೊಡ್ಡವರೇ ಎಡವುತ್ತಾರೆ.