ತೊಗರಿ ವ್ಯಾಪಾರಕ್ಕೆ ಬಂಡವಾಳ: ಮುರಾಬಹಾ ಮೇಲೋ, ಮುದಾರಬಾ ಮೇಲೋ?

ಕಲಬುರಗಿಯಲ್ಲಿ ಬಡ್ಡಿಯಿಲ್ಲದೆ ವ್ಯಾಪಾರ ಮಾಡಬೇಕು ಅನ್ನುವವರಿಗೆ ಇಸ್ಲಾಮಿನ ನಿಯಮದಂತೆ ಬಂಡವಾಳ ಪಡೆಯಲು ಇವೆರಡೂ ದಾರಿ ಇವೆ.

ಮುರಾಬಹಾದಲ್ಲಿ ಹಣ ಹಾಕುವವರು ದಾಲ್ ಮಿಲ್ಲಿನ ಯಂತ್ರವನ್ನು ಮೊದಲು ತಾವೇ ಕೊಂಡು, ಕೊಂಡ ಬೆಲೆ ಹೇಳಿ, ಲಾಭ ಸೇರಿಸಿ ನಿಮಗೆ ಮಾರುತ್ತಾರೆ. 2 ಲಕ್ಷದ್ದು 2.20 ಲಕ್ಷಕ್ಕೆ, ಕಂತಿನಲ್ಲಿ. ಬಡ್ಡಿ ಥರಾನೇ ಕಾಣುತ್ತೆ ಅಲ್ವಾ? ಆದರೆ ನಿಮ್ಮ ಕೈ ಸೇರುವ ಮುನ್ನ ಯಂತ್ರ ಹಾಳಾದರೆ ನಷ್ಟ ಅವರದು. ಆ ಹೊಣೆ ಹೊತ್ತಿದ್ದಕ್ಕೇ ಲಾಭ ಹಲಾಲ್ (ಧರ್ಮಸಮ್ಮತ). ಯಂತ್ರ ಕೊಳ್ಳದೆ ಸುಮ್ನೆ ಬಿಲ್ ಮಾಡಿ ಕೈಗೆ ದುಡ್ಡು ಕೊಟ್ಟರೆ ಅದು ಸಾಲವೇ.

ಮುದಾರಬಾದಲ್ಲಿ ಹಣ ಅವರದು, ದುಡಿಮೆ ನಿಮ್ಮದು. ಲಾಭದ ಪಾಲು ಎಷ್ಟೆಷ್ಟು (60:40 ಅನ್ನೋ ಹಾಗೆ) ಎಂದು ಮೊದಲೇ ಮಾತಾಗಬೇಕು. ‘ತಿಂಗಳಿಗೆ 5,000 ಖಾತ್ರಿ’ ಅಂದರೆ ಕರಾರು ಕೆಟ್ಟಿತು. ದರ ಬಿದ್ದರೆ ಹಣದ ನಷ್ಟ ಅವರಿಗೆ.

ಯಂತ್ರಕ್ಕೆ ಮುರಾಬಹಾ ಸಾಕು. ದರ ಏರಿಳಿಯುವ ತೊಗರಿಗೆ ಮುದಾರಬಾನೇ ನ್ಯಾಯ ಅನ್ನಿಸುತ್ತದೆ, ಲೆಕ್ಕ ಬರೆದಿಡುವ ರೂಢಿ ನಿಮಗಿದ್ದರೆ.