ಎಂ101ರ ಸೂಪರ್‌ನೋವಾಗೆ ಬರೀ ಟ್ರೈಪಾಡ್ ಸಾಕಾ, ಟ್ರ್ಯಾಕರ್ ಬೇಕಾ?

2023ರ ಮೇ 19ಕ್ಕೆ ಜಪಾನಿನ ಹವ್ಯಾಸಿ ಖಗೋಳ ವೀಕ್ಷಕ ಕೊಯಿಚಿ ಇತಗಾಕಿ ಅವರು ಎಂ101 ಗ್ಯಾಲಕ್ಸಿಯಲ್ಲಿ ಸೂಪರ್‌ನೋವಾ (ಸಿಡಿಯೋ ನಕ್ಷತ್ರ) ಕಂಡುಹಿಡಿದ್ರಲ್ಲ, ಎಸ್‌ಎನ್ 2023ಐಎಕ್ಸ್‌ಎಫ್ ಅಂತ ಅದರ ಹೆಸರು, ಆ ವಾರ ನಾನು ಸರಿಯಾಗಿ ನಿದ್ದೆನೇ ಮಾಡಿಲ್ಲ. ಸುಮಾರು 2.1 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಸಿಡಿದ ಒಂದೇ ಒಂದು ನಕ್ಷತ್ರ ತಿಪಟೂರಿನ ನಮ್ಮನೆ ಹಿತ್ತಿಲಿಂದ ಸಿಗತ್ತೆ ಅಂದ್ರೆ ಬಿಡೋಕಾಗುತ್ತಾ. ಮೂರು ಥರ ಟ್ರೈ ಮಾಡಿದೆ, ಕ್ಯಾಮೆರಾ ಹಳೇ ಡಿಎಸ್‌ಎಲ್‌ಆರ್, 70-300 ಲೆನ್ಸ್.

ಮೊದಲು ಬರೀ ಟ್ರೈಪಾಡ್. ಸಪ್ತರ್ಷಿ ಬಾಲದಲ್ಲಿ ವಸಿಷ್ಠ, ಮರೀಚಿ ಎರಡನ್ನೂ ಹಿಡ್ಕೊಂಡು ಕೆಳಗಡೆಗೆ ಒಂದು ತ್ರಿಕೋನ ಮಾಡ್ಕೊಂಡ್ರೆ ಮೂರನೇ ಮೂಲೆಲಿ ಎಂ101. ರಾತ್ರಿ ಹತ್ತೂವರೆಗೆ ಉತ್ತರದಲ್ಲಿ ಸುಮಾರು 49 ಡಿಗ್ರಿ ಎತ್ತರಕ್ಕೆ ಬಂದಿರತ್ತೆ, ತೆಂಗಿನ ಮರಗಳ ಮೇಲೆ. 300 ಎಂಎಂನಲ್ಲಿ ಒಂದೂವರೆ ಸೆಕೆಂಡಿಗಿಂತ ಜಾಸ್ತಿ ಬಿಟ್ರೆ ನಕ್ಷತ್ರ ಗೀಟಾಗತ್ತೆ, ಅದಕ್ಕೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಇಟ್ಟು 400 ಫೋಟೋ ತೆಗೆದೆ, ಮಧ್ಯೆ ಮಧ್ಯೆ ಫ್ರೇಮಿಂದ ಜಾರಿದಾಗ ಕ್ಯಾಮೆರಾ ತಿರುಗಿಸ್ಕೊಂಡು. ಪಕ್ಕದ ಮನೆ ಲೈಟು ಲೆನ್ಸಿಗೆ ಹೊಡೀತಿತ್ತು, ಬಟ್ಟೆ ಒಣಗಿಸೋ ತಂತಿ ಮೇಲೆ ಕಂಬಳಿ ಇಳಿಬಿಟ್ಟು ಮರೆ ಮಾಡ್ಕೊಂಡೆ. ಎಲ್ಲಾ ಫೋಟೋನೂ ಒಂದರ ಮೇಲೊಂದು ಹೊಂದಿಸಿ ಒಂದೇ ಚಿತ್ರ ಮಾಡಿದಾಗ, ಅಂದ್ರೆ ಸ್ಟ್ಯಾಕ್ ಮಾಡಿದಾಗ, ಗ್ಯಾಲಕ್ಸಿ ಒಂದು ಮಸುಕು ಕಲೆ ಅಷ್ಟೇ, ಆದ್ರೆ ಅದರ ಅಂಚಲ್ಲಿ ಒಂದು ಚುಕ್ಕೆ ಚೂಪಾಗಿ ಕೂತಿತ್ತು. ಹಳೇ ಫೋಟೋ ಪಕ್ಕ ಇಟ್ಟು ನೋಡಿದೆ, ಅಲ್ಲಿ ಆ ಜಾಗ ಖಾಲಿ! ಇದನ್ನ ಮಾತ್ರ ಮಾಡ್ಲೇಬೇಕು, ಇಲ್ಲಾಂದ್ರೆ ಎದುರಿಗಿರೋ ನಮ್ಮ ಗ್ಯಾಲಕ್ಸಿಯ ಯಾವುದೋ ನಕ್ಷತ್ರನೇ ಸೂಪರ್‌ನೋವಾ ಅನ್ಕೊಳ್ಳೋ ಸಾಧ್ಯತೆ ಇದೆ.

ಎರಡನೇದು ಗೆಳೆಯನ ಹತ್ರ ಇಸ್ಕೊಂಡ ಟ್ರ್ಯಾಕರ್, ಅಂದ್ರೆ ಆಕಾಶ ತಿರುಗಿದ ಹಾಗೇ ಕ್ಯಾಮೆರಾನೂ ನಿಧಾನಕ್ಕೆ ತಿರುಗಿಸೋ ಯಂತ್ರ. 200 ಎಂಎಂ, 30 ಸೆಕೆಂಡಿನ 60 ಫೋಟೋ, ಗ್ಯಾಲಕ್ಸಿಯ ಸುರುಳಿ ಕೈಗಳು ಸಹ ಬಂದ್ವು, ಚಂದ ಅಂದ್ರೆ ಇದೇ, ಅದರಲ್ಲಿ ಎರಡು ಮಾತಿಲ್ಲ. ಕಷ್ಟ ಇರೋದು ಅದರ ಅಕ್ಷನ ಧ್ರುವ ನಕ್ಷತ್ರಕ್ಕೆ ಹೊಂದಿಸೋದ್ರಲ್ಲಿ. ನಮ್ಮೂರಲ್ಲಿ ಆ ನಕ್ಷತ್ರ ಬರೀ 13 ಡಿಗ್ರಿ ಎತ್ತರ, ತೆಂಗಿನ ಗರಿ ಹಿಂದೆ ಸೇರ್ಕೊಂಡಿರತ್ತೆ. ನೆಲಕ್ಕೆ ಮಂಡಿಯೂರಿ ಗರಿ ಗಾಳಿಗೆ ಆಡಿದಾಗೊಮ್ಮೆ ಕಂಡಷ್ಟೇ ನೋಡ್ಕೊಂಡು ಹೊಂದಿಸೋಕೆ 50 ನಿಮಿಷ ಹೋಯ್ತು. ಮಾರನೇ ದಿನ ಅಷ್ಟೊತ್ತಿಗೆ ಮುಂಗಾರು ಪೂರ್ವ ಮೋಡ ಬಂದು ಕವಿದೇಬಿಡ್ತು.

ಮೂರನೇದು, ಎಂಟಿಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್‌ಗೆ ಫೋನ್ ಇಟ್ಟು ತೆಗೆಯೋದು, ಫೋಟೋಗಂತೂ ಬೇಡ, ಚುಕ್ಕೆ ಬಂತೋ ಇಲ್ವೋ ಅನ್ನೋ ಅನುಮಾನ ಕೊನೇವರೆಗೂ ಹೋಗಲ್ಲ. ಆದ್ರೆ ಅದಕ್ಕೆ ಕಣ್ಣಿಟ್ಟು ನೋಡಿ! ಸೂಪರ್‌ನೋವಾದ ಪ್ರಕಾಶ 11ರ ಆಸುಪಾಸು ಇತ್ತು (ಈ ಅಳತೇಲಿ ಅಂಕೆ ಹೆಚ್ಚಿದಷ್ಟೂ ಮಸುಕು), ಗ್ಯಾಲಕ್ಸಿ ಊರಿನ ಬೆಳಕಲ್ಲಿ ಕಾಣ್ಲೇ ಇಲ್ಲ, ಆ ಒಂದು ನಕ್ಷತ್ರ ಮಾತ್ರ ಕಾಣ್ತಿತ್ತು. ಅಮ್ಮನ್ನ ಕರ್ಕೊಂಡು ಬಂದು ತೋರಿಸ್ದೆ, ಸುಮಾರು ಹೊತ್ತು ಕಣ್ಣು ತೆಗೀಲೇ ಇಲ್ಲ.

ನನ್ನ ಪ್ರಕಾರ ಸೂಪರ್‌ನೋವಾ ಹಿಡಿಯೋದೇ ಗುರಿ ಆದ್ರೆ ಟ್ರ್ಯಾಕರ್‌ಗೆ ದುಡ್ಡು ಹಾಕ್ಬೇಡಿ. ಗ್ಯಾಲಕ್ಸಿ ಬೆಳಕು ಅಗಲಕ್ಕೆ ಹರಡಿರತ್ತೆ, ಅದಕ್ಕೆ ಉದ್ದ ಎಕ್ಸ್‌ಪೋಶರ್ ಬೇಕು, ಸೂಪರ್‌ನೋವಾ ಬೆಳಕೆಲ್ಲಾ ನಾಲ್ಕೈದು ಪಿಕ್ಸೆಲ್ ಮೇಲೇ ಬೀಳತ್ತೆ. ಟ್ರೈಪಾಡ್ ಐದು ನಿಮಿಷಕ್ಕೆ ರೆಡಿ, ಮೋಡದ ಸಂದಿ ಸಿಕ್ಕಿದ್ರೂ ಸಾಕು. ಆ ಮೇ ತಿಂಗಳಲ್ಲಿ ಟ್ರ್ಯಾಕರಲ್ಲಿ ನಂಗೆ ಸಿಕ್ಕಿದ್ದು ಒಂದೇ ರಾತ್ರಿ, ಟ್ರೈಪಾಡಲ್ಲಿ ನಾಲ್ಕು.