ಐದು ವರ್ಷ ಆಡಿದ ಮೇಲೆ: ಆಟಕ್ಕೆ ನಾಲ್ಕು ಸ್ಟಾರ್, 'ಒಪ್ಪಿದ್ದೇನೆ' ಬಟನ್‌ಗೆ ಒಂದು

ಈ ಶೂಟಿಂಗ್ ಗೇಮನ್ನು ಐದು ವರ್ಷದಿಂದ ಆಡುತ್ತಿದ್ದೇನೆ. ಮ್ಯಾಪ್ ಚೆನ್ನಾಗಿವೆ, ಹಳೇ ಫೋನಿನಲ್ಲೂ ಲ್ಯಾಗ್ (ಆಟ ತಡವರಿಸುವುದು) ಕಡಿಮೆ. ರಾತ್ರಿ ಹತ್ತಕ್ಕೆ ನಮ್ಮ ಸ್ಕ್ವಾಡ್ ಇವತ್ತಿಗೂ ಸೇರುತ್ತದೆ. ನನ್ನ ತಕರಾರು ಇರುವುದು ಷರತ್ತುಗಳ ಪುಟದ ಬಗ್ಗೆ.

ಮೊದಲ ಸಲ ಬಟನ್ ಒತ್ತಿದ್ದು ನಾನಲ್ಲ, ಅಕ್ಕನ ಮಗ. ಆಗ ಅವನಿಗೆ ಹನ್ನೊಂದು ವರ್ಷ. "ಮಾಮ, ಸುಮ್ನೆ ಒತ್ತೋದು ಅಷ್ಟೇ, ಯಾರೂ ಓದಲ್ಲ" ಎಂದ. ನಮ್ಮ 1872ರ ಕರಾರು ಕಾಯ್ದೆ ಪ್ರಕಾರ ಹದಿನೆಂಟು ತುಂಬದವರು ಕರಾರು ಮಾಡುವಂತಿಲ್ಲ. ಹಾಗಾದರೆ ಒಪ್ಪಿದ್ದು ಯಾರು? ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಒಪ್ಪಿಗೆ ಎಂದೂ ಅದೇ ಕಾಯ್ದೆ ಹೇಳುತ್ತದೆ. ನಾನು ಗನ್ ಸ್ಕಿನ್ (ಆಟದ ಬಂದೂಕಿಗೆ ಹಾಕುವ ಬಣ್ಣದ ಅಲಂಕಾರ) ಕೊಂಡೆ ಅಂದುಕೊಂಡಿದ್ದೆ. ಗೇಮ್ ಕಂಪನಿಯವರ ಲೆಕ್ಕದಲ್ಲಿ ಅದು ಬರೀ ಬಳಸುವ ಲೈಸೆನ್ಸ್, ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು. ಬಟನ್ ಮೇಲೆ ಮಾತ್ರ 'ಖರೀದಿಸಿ' ಅಂತ ಇರುತ್ತದೆ, ಅಲ್ವಾ?

ಮೂರನೇ ವರ್ಷ ಷರತ್ತು ಬದಲಾಯಿತು. ಅಷ್ಟರಲ್ಲಿ ಆರು ಸಾವಿರ ರೂಪಾಯಿ ಹಾಕಿದ್ದೆ. ಒಂದು ಭಾನುವಾರ ಕೂತು ಪೂರ್ತಿ ಓದಿದೆ. ಎಲ್ಲ ಇಂಗ್ಲಿಷ್, ನಲವತ್ತು ನಿಮಿಷ ಹಿಡಿಯಿತು. ಜಗಳ ಬಂದರೆ ಕೋರ್ಟಿಗೆ ಹೋಗುವಂತಿಲ್ಲ, ಹೊರದೇಶದಲ್ಲಿ ಮಧ್ಯಸ್ಥರ ಪಂಚಾಯಿತಿ! ಬೇಡ ಅಂತ ಒತ್ತಿದೆ. ಗೇಮ್ ಮುಚ್ಚಿಕೊಂಡಿತು. ದುಡ್ಡು ವಾಪಸ್ ಕೊಡಿ ಅಂತ ಸಪೋರ್ಟಿಗೆ ಬರೆದರೆ, 'ಷರತ್ತು ನೋಡಿ' ಎಂಬ ಸಿದ್ಧ ಉತ್ತರ ಬಂತು. ಮೊದಲ ದಿನ ಬೇಡ ಅಂದಿದ್ದರೆ ನನಗೆ ನಷ್ಟ ಏನೂ ಇರಲಿಲ್ಲ. ಈಗ ಜುಟ್ಟು ಅವರ ಕೈಯಲ್ಲಿದೆ. ಎರಡು ದಿನ ಬಿಟ್ಟು ನಾನೇ ಒಪ್ಪಿದೆ. ಇದನ್ನು ಒಪ್ಪಿಗೆ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಇದು ನನ್ನೊಬ್ಬನ ಗೋಳಲ್ಲ. 2014ರಲ್ಲಿ ಬಂದ ಯೂಬಿಸಾಫ್ಟ್ ಕಂಪನಿಯ 'ದಿ ಕ್ರೂ' ಕಾರ್ ರೇಸಿಂಗ್ ಗೇಮಿನ ಸರ್ವರ್‌ಗಳು 2024ರ ಮಾರ್ಚ್ 31ರಂದು ನಿಂತವು. ಡಿಸ್ಕ್ ಕೊಂಡವರಿಗೂ ಆಮೇಲೆ ಆಟ ಇಲ್ಲ. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಬಂತು: ಮಾರುತ್ತಿರುವುದು ಲೈಸೆನ್ಸ್ ಆದರೆ ಮಾರುವಾಗಲೇ ಹಾಗೆಂದು ಹೇಳಬೇಕು. ಇಲ್ಲೂ ಅಷ್ಟು ಮಾಡಿದರೆ ಸಾಕಿತ್ತು, ಅದೂ ಕನ್ನಡದಲ್ಲಿ, ನಾಲ್ಕೇ ಸಾಲು.

ಹೊಸಬರು ಆಡಿ, ಆಟ ಚೆನ್ನಾಗಿದೆ. ದುಡ್ಡು ಮಾತ್ರ ಹಾಕಬೇಡಿ. ನಾನೂ ನಿಲ್ಲಿಸಿದ್ದೇನೆ. ಮೊನ್ನೆ ಮತ್ತೆ ಹೊಸ ಷರತ್ತು ಬಂತು. ಸ್ಕ್ವಾಡ್ ಕಾಯುತ್ತಿತ್ತು, ಓದದೇ ಒತ್ತಿದೆ.